ಹಳೇ ಲಾರಿ, ಕರಿ ಹೊಗೆ, ಎಮಿಷನ್ ಟೆಸ್ಟ್: ಪಂಪಿಗೆ ಕೈ ಹಾಕುವ ಮೊದಲು ಏನೇನು ನೋಡಬೇಕು

ನನ್ನದು ಕೆಎ 32 ಪಾಸಿಂಗಿನ ಟಾಟಾ 1613, 2007ರ ಮಾಡೆಲ್, ಟರ್ಬೋ ಗಾಡಿ. ತೊಗರಿ ಸೀಸನ್‌ನಲ್ಲಿ ಹಳ್ಳಿಗಳಿಂದ ಕಲಬುರಗಿಯ ನೆಹರು ಗಂಜಿಗೆ ಚೀಲ ಹೊರುತ್ತದೆ. ಉಳಿದ ದಿನ ಶಹಾಬಾದ್ ಕಲ್ಲು, ಸಿಮೆಂಟು, ಸಿಕ್ಕ ಬಾಡಿಗೆ. ಎರಡು ವರ್ಷದ ಹಿಂದೆ ಎಮಿಷನ್ ಟೆಸ್ಟಿಗೆ ಹೋದಾಗ ಹೊಗೆಯ ದಟ್ಟಣೆ ಅಳೆಯುವ ಮೀಟರ್ 3.4 ತೋರಿಸಿತು. ಇರಬೇಕಾದ್ದು 2.45ರ ಒಳಗೆ.

"ಪಂಪ್ ಹೋಗ್ಯಾದ ಅನಸ್ತದ ರೀ ಮಾಲಕ್ರೆ" ಅಂದ ಡ್ರೈವರ್. ನಾನೂ ನಂಬಿದೆ. ಎಂಜಿನ್ನಿಗೆ ಡೀಸೆಲ್ ಒತ್ತಿ ಕೊಡುವ ಆ ಪಂಪ್ ಇಳಿಸಿ, ಟೆಸ್ಟ್ ಬೆಂಚಿಗೆ ಹಾಕಿಸಿ, ಕ್ಯಾಲಿಬ್ರೇಶನ್ ಮಾಡಿಸಿ, ಮೂರು ದಿನದ ಬಾಡಿಗೆ ಕಳೆದುಕೊಂಡು ಮತ್ತೆ ಹೋದೆ. 3.3 ಬಂತು.

ಕೊನೆಗೆ ಸಿಕ್ಕ ಕಳ್ಳ ಒಂದು ರಬ್ಬರ್ ಹೋಸ್. ಏರ್ ಫಿಲ್ಟರಿನಿಂದ ಟರ್ಬೋಗೆ (ಎಂಜಿನ್ನಿಗೆ ಗಾಳಿ ಒತ್ತಿ ತುಂಬುವ ಭಾಗ) ಹೋಗುತ್ತದಲ್ಲ, ಅದು. ಹೊರಗಿನಿಂದ ನೋಡಿದರೆ ಗಟ್ಟಿಮುಟ್ಟು. ಒಳಗಿನ ಪದರ ಮಾತ್ರ ಬಿಟ್ಟುಕೊಂಡಿತ್ತು. ಐಡಲ್‌ನಲ್ಲಿ ಸುಮ್ನೆ ಇರುತ್ತಿತ್ತು. ಆಕ್ಸಿಲರೇಟರ್ ಪೂರ್ತಿ ಒತ್ತಿದ ಕೂಡಲೇ ಆ ಪದರ ನಾಲಿಗೆಯ ಹಾಗೆ ಎದ್ದು ಗಾಳಿಯ ದಾರಿಗೆ ಅಡ್ಡ ಬರುತ್ತಿತ್ತು. ಗ್ಯಾರೇಜಿನ ಉಸ್ತಾದ್ ಹೋಸ್ ಬಿಚ್ಚಿ, ಒಳಗೆ ಬೆರಳು ಹಾಕಿ, ಆ ಪದರ ಹಿಡಿದೆಳೆದು ತೋರಿಸಿದರು. "ಇದ ನೋಡ್ರಿ ನಿಮ್ಮ ಪಂಪ್" ಅಂದರು.

ಅವತ್ತಿನಿಂದ ನಾನು ಪಾಲಿಸುವ ನಿಯಮ ಇಷ್ಟೇ. ಗಾಳಿಯಿಂದ ಶುರು, ಅಗ್ಗದ ಕೆಲಸ ಮೊದಲು, ಪಂಪು ಕೊನೆಗೆ. ಮುಂದೆ ಹೇಳುವುದೆಲ್ಲ ಅದೇ ಸಾಲಿನಲ್ಲಿದೆ. ನಡುವೆ ಹಾರಬೇಡಿ. ಒಂದು ಕೆಲಸ ಮಾಡಿ, ಹೊಗೆ ನೋಡಿ, ಆಮೇಲೆ ಮುಂದಿನದು. ನಾಲ್ಕು ಕೆಲಸ ಒಟ್ಟಿಗೆ ಮಾಡಿಸಿದರೆ ಯಾವುದರಿಂದ ಸರಿಯಾಯಿತು ಅಂತಲೇ ತಿಳಿಯಲ್ಲ.

ಸ್ಪ್ಯಾನರ್ ಹಿಡಿಯುವ ಮೊದಲು ಆರ್‌ಸಿ ನೋಡಿ

ನಿಮ್ಮ ಗಾಡಿ ಯಾವ ಬಿಎಸ್ (ಭಾರತ್ ಸ್ಟೇಜ್, ಅಂದರೆ ಹೊಗೆ ನಿಯಮದ ಯಾವ ಹಂತ) ಅಂತ ತಿಳಿದುಕೊಳ್ಳಿ. ದೇಶದ ಎಲ್ಲ ಕಡೆ ಬಿಎಸ್ 3 ಬಂದದ್ದು 2010ರಲ್ಲಿ, ಬಿಎಸ್ 4 ಬಂದದ್ದು 2017ರ ಏಪ್ರಿಲ್‌ನಲ್ಲಿ, ಬಿಎಸ್ 6 ಬಂದದ್ದು 2020ರ ಏಪ್ರಿಲ್‌ನಲ್ಲಿ. ಬೆಂಗಳೂರು, ಹೈದರಾಬಾದ್‌ನಂಥ ದೊಡ್ಡ ಊರುಗಳಿಗೆ ಕೆಲವು ಮೊದಲೇ ಬಂದವು. ಸೆಕೆಂಡ್ ಹ್ಯಾಂಡ್ ಗಾಡಿಯಾದರೆ ಮೊದಲು ಎಲ್ಲಿ ರಿಜಿಸ್ಟರ್ ಆಗಿತ್ತು ಅನ್ನುವುದನ್ನೂ ನೋಡಿ.

ಇದು ಯಾಕೆ ಮುಖ್ಯ ಅಂದರೆ ಲಿಮಿಟ್ ಬೇರೆ ಬೇರೆ. ಡೀಸೆಲ್ ಗಾಡಿಗೆ ಬಿಎಸ್ 4ಕ್ಕಿಂತ ಹಳೆಯದಾದರೆ 2.45, ಬಿಎಸ್ 4 ಆದರೆ 1.62. ಹಳೇ ಗಾಡಿಯ ದಾಖಲೆಯಲ್ಲಿ ತಪ್ಪಾಗಿ ಬಿಎಸ್ 4 ಅಂತ ನಮೂದಾಗಿದ್ದರೆ, ಪಾಸಾಗಬೇಕಾದ ಗಾಡಿಯೂ ಫೇಲ್ ಆಗುತ್ತದೆ. ಅಂಥದ್ದಿದ್ದರೆ ಆರ್‌ಟಿಒ ಕಚೇರಿಯಲ್ಲಿ ತಿದ್ದಿಸಿಕೊಳ್ಳಿ. ಸಿಲಿಂಡರಿಗೆ ಡೀಸೆಲ್ ಚಿಮ್ಮಿಸುವ ನೋಜಲ್ ಎಷ್ಟು ಬದಲಿಸಿದರೂ ಕಾಗದದ ತಪ್ಪು ಹೋಗಲ್ಲ.

ಸರ್ಟಿಫಿಕೇಟಿನ ಅವಧಿಯೂ ಬೇರೆ. ಬಿಎಸ್ 4 ಮತ್ತು ಬಿಎಸ್ 6ಕ್ಕೆ ಒಂದು ವರ್ಷ, ನಮ್ಮಂಥ ಹಳೇ ಗಾಡಿಗೆ 6 ತಿಂಗಳು. ಸರ್ಟಿಫಿಕೇಟ್ ಇಲ್ಲದೆ ಸಿಕ್ಕಿಬಿದ್ದರೆ ಮೋಟಾರು ವಾಹನ ಕಾಯ್ದೆಯ 190(2)ರಲ್ಲಿ 10 ಸಾವಿರ ರೂಪಾಯಿವರೆಗೆ ದಂಡಕ್ಕೆ ಅವಕಾಶ ಇದೆ, 2019ರ ತಿದ್ದುಪಡಿ ಆದಾಗಿನಿಂದ. ಎಫ್‌ಸಿಗೂ (ಫಿಟ್‌ನೆಸ್ ಸರ್ಟಿಫಿಕೇಟ್) ಇದು ಬೇಕು. 8 ವರ್ಷ ದಾಟಿದ ಲಾರಿಗೆ ಎಫ್‌ಸಿ ಪ್ರತಿ ವರ್ಷ ಆಗಬೇಕು ಅನ್ನುವುದು ಗೊತ್ತಿದ್ದದ್ದೇ.

ಇಲ್ಲಿ ಮಾಡಿಸಿದ ಸರ್ಟಿಫಿಕೇಟ್ ಸೊಲ್ಲಾಪುರಕ್ಕೆ ಹೋದರೂ ನಡೆಯುತ್ತದೆ, ಹೈದರಾಬಾದಿಗೆ ಹೋದರೂ ನಡೆಯುತ್ತದೆ. ಇನ್ನೊಂದು ಮಾತು. "10 ವರ್ಷ ದಾಟಿದ ಡೀಸೆಲ್ ಗಾಡಿ ಬಂದ್ ಅಂತ್ರಿ" ಅಂತ ಗಂಜಿನಲ್ಲಿ ಯಾರಾದರೂ ಹೆದರಿಸಿದರೆ ಹೆದರಬೇಡಿ. ಅದು ದಿಲ್ಲಿ ಮತ್ತು ಅದರ ಸುತ್ತಲಿನ ಪ್ರದೇಶದ ಮಾತು.

ಈಗಾಗಲೇ ಫೇಲ್ ಆಗಿದ್ದರೆ ರಿಜೆಕ್ಷನ್ ಸ್ಲಿಪ್ ಕೇಳಿ ತೆಗೆದುಕೊಳ್ಳಿ. 2021ರಿಂದ ಅದನ್ನು ಕೊಡುವ ನಿಯಮ ಇದೆ. ಸಿಟ್ಟಿನಲ್ಲಿ ಅದನ್ನು ಹರಿದು ಬಿಸಾಡಬೇಡಿ. 2.6 ಬಂದ ಗಾಡಿಗೂ 5 ಬಂದ ಗಾಡಿಗೂ ಬೇರೆ ಬೇರೆ ಔಷಧಿ. ಮೆಕ್ಯಾನಿಕ್ಕಿಗೆ ಆ ಸ್ಲಿಪ್ ತೋರಿಸಿಯೇ ಮಾತು ಶುರು ಮಾಡಿ.

ಮೀಟರ್ ನೋಡುವುದು ಏನನ್ನು

ಪೆಟ್ರೋಲ್ ಗಾಡಿಯಲ್ಲಿ ಕಾರ್ಬನ್ ಮೊನಾಕ್ಸೈಡ್, ಹೈಡ್ರೋಕಾರ್ಬನ್ ಅಳೆಯುತ್ತಾರೆ. ಡೀಸೆಲ್ಲಿನಲ್ಲಿ ನೋಡುವುದು ಹೊಗೆ ಎಷ್ಟು ದಟ್ಟ ಅನ್ನುವುದನ್ನ. ಮೀಟರಿನ ಒಂದು ತುದಿಯಿಂದ ಬೆಳಕು ಬಿಡುತ್ತಾರೆ, ಇನ್ನೊಂದು ತುದಿಗೆ ಎಷ್ಟು ತಲುಪಿತು ಅಂತ ನೋಡುತ್ತಾರೆ. ನಡುವೆ 0.43 ಮೀಟರ್ ಹೊಗೆ. ನೂರು ಪಾಲು ಬೆಳಕಿನಲ್ಲಿ 65 ಪಾಲು ತಡೆದರೆ 65 ಎಚ್‌ಎಸ್‌ಯು. ಅದನ್ನೇ ಕೆ ವ್ಯಾಲ್ಯೂ ಲೆಕ್ಕದಲ್ಲಿ ಹೇಳಿದರೆ 2.45. ಬಿಎಸ್ 4ರ 1.62 ಅಂದರೆ 50 ಎಚ್‌ಎಸ್‌ಯು. ಎರಡೂ ಒಂದೇ ಅಳತೆ, ಹೆಸರು ಬೇರೆ.

ಟೆಸ್ಟ್ ಮಾಡುವ ರೀತಿಯಲ್ಲೇ ಇಡೀ ಗುಟ್ಟಿದೆ. ಗಾಡಿ ನ್ಯೂಟ್ರಲ್‌ನಲ್ಲಿ ಇರುತ್ತದೆ. ಪೆಡಲ್ ಒಮ್ಮೆಲೇ ಪೂರ್ತಿ ಒತ್ತುತ್ತಾರೆ, ಗವರ್ನರ್ (ಎಂಜಿನ್ ವೇಗ ಮಿತಿ ಮೀರದಂತೆ ತಡೆಯುವ ಭಾಗ) ಹಿಡಿಯುವವರೆಗೆ ಎಂಜಿನ್ ಏರುತ್ತದೆ, ಬಿಡುತ್ತಾರೆ. ಹೀಗೆ ಹಲವು ಸಲ ಮಾಡಿ ಸರಾಸರಿ ತೆಗೆಯುತ್ತಾರೆ. ಪೆಡಲ್ ಒತ್ತಿದ ಆ ಒಂದೆರಡು ಸೆಕೆಂಡಿನಲ್ಲಿ ಪಂಪ್ ಡೀಸೆಲ್ ತುಂಬಿ ಕೊಡುತ್ತದೆ, ಗಾಳಿ ಮಾತ್ರ ಹಿಂದೆ ಬಿದ್ದಿರುತ್ತದೆ. ಟರ್ಬೋ ಇನ್ನೂ ಎದ್ದಿರಲ್ಲ. ಆ ಕ್ಷಣದ ಹೊಗೆಗೇ ಮಾರ್ಕು.

"ರೋಡಿನ್ಯಾಗ ಹೊಗಿನೇ ಇಲ್ರಿ, ಅಲ್ಲಿ ಹೆಂಗ ಫೇಲ್ ಮಾಡ್ಯಾರ?" ಅಂತ ಕೇಳುವವರಿಗೆ ಉತ್ತರ ಇದೇ. ರೋಡಿನಲ್ಲಿ ನೀವು ಪೆಡಲನ್ನು ಹಂತ ಹಂತವಾಗಿ ಒತ್ತುತ್ತೀರಿ. ಅಲ್ಲಿ ಒಮ್ಮೆಲೇ ಒತ್ತುತ್ತಾರೆ. ಗಾಳಿಯ ದಾರಿಯಲ್ಲಿ ಸ್ವಲ್ಪ ತೊಡಕಿದ್ದರೂ ಅಲ್ಲಿ ಬಯಲಾಗುತ್ತದೆ.

ಹೊಗೆಯ ಬಣ್ಣ ನೋಡಿ

ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ಒಬ್ಬರನ್ನು ಒಳಗೆ ಕೂರಿಸಿ, ನೀವು ಸೈಲೆನ್ಸರ್ ಕಡೆ ನಿಂತು ನೋಡಿ.

ಕರಿ ಹೊಗೆ ಅಂದರೆ ಡೀಸೆಲ್ ಜಾಸ್ತಿ ಅಥವಾ ಗಾಳಿ ಕಮ್ಮಿ. ಫೇಲ್ ಆಗುವ ಹೆಚ್ಚಿನ ಗಾಡಿಗಳದ್ದು ಇದೇ ಕಥೆ. ನೀಲಿ ಹೊಗೆ ಅಂದರೆ ಎಂಜಿನ್ ಆಯಿಲ್ ಸುಡುತ್ತಿದೆ. ರಿಂಗ್, ವಾಲ್ವ್ ಗೈಡ್, ಟರ್ಬೋ ಸೀಲ್ ಕಡೆ ನೋಡಬೇಕು. ಬಿಳಿ ಹೊಗೆ ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಸ್ವಲ್ಪ ಬಂದು ನಿಂತರೆ ಚಿಂತೆ ಇಲ್ಲ. ಬಿಸಿಯಾದ ಮೇಲೂ ಬರುತ್ತಿದ್ದು ಕಣ್ಣು ಉರಿಸಿದರೆ ಅದು ಸುಡದ ಡೀಸೆಲ್. ಟೈಮಿಂಗ್ ಅಥವಾ ಕಂಪ್ರೆಷನ್ ನೋಡಿಸಿ. ಜೊತೆಗೆ ರೇಡಿಯೇಟರ್ ನೀರೂ ಇಳಿಯುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ಮೇಲೆ ಅನುಮಾನ ಇಡಿ.

ಗಾಳಿಯ ದಾರಿ

ನಮ್ಮ ಕಡೆ ಗಾಡಿಗೆ ಧೂಳು ಅಂದರೆ ಊಟದ ಹಾಗೆ. ಕಲ್ಲಿನ ಗಣಿ, ಸಿಮೆಂಟು, ಬೇಸಿಗೆಯಲ್ಲಿ ಎರೆಮಣ್ಣಿನ ಧೂಳು. ದಾಲ್ ಮಿಲ್ ಅಂಗಳದಲ್ಲಿ ಗಾಡಿ ನಿಲ್ಲಿಸಿದರೆ ತೊಗರಿ ಹೊಟ್ಟು ಗಾಳಿ ಎಳೆಯುವ ಜಾಲರಿಗೆ ಬಂದು ಅಂಟಿಕೊಳ್ಳುತ್ತದೆ. ಕಂಪನಿ ಪುಸ್ತಕದಲ್ಲಿ ಬರೆದ ಕಿಲೋಮೀಟರಿಗೆ ಫಿಲ್ಟರ್ ಬದಲಿಸುತ್ತೇನೆ ಅಂದರೆ ಇಲ್ಲಿ ನಡೆಯಲ್ಲ. ಅದರ ಅರ್ಧಕ್ಕೇ ನೋಡಬೇಕು.

ಮೊದಲು ಹೊರಗಿನ ಜಾಲರಿ ತೆಗೆದು ತೊಳೆಯಿರಿ. ಪೇಪರ್ ಫಿಲ್ಟರ್ ಆದರೆ ಎಲಿಮೆಂಟ್ ಹೊರತೆಗೆದು, ಕತ್ತಲಲ್ಲಿ ಅದರ ಒಳಗೆ ಮೊಬೈಲ್ ಟಾರ್ಚ್ ಇಟ್ಟು ನೋಡಿ. ಸುತ್ತಲೂ ಒಂದೇ ಸಮ ಮಂದ ಬೆಳಕು ಬರಬೇಕು. ಬೆಳಕೇ ಬರದಿದ್ದರೆ ಕಟ್ಟಿದೆ. ಸೂಜಿಮೊನೆಯಷ್ಟು ಚುರುಕು ಬೆಳಕು ಕಂಡರೆ ತೂತಾಗಿದೆ. ತೂತು ಕಟ್ಟಿದ್ದಕ್ಕಿಂತ ಕೆಟ್ಟದ್ದು, ಯಾಕಂದರೆ ಆ ಧೂಳು ನೇರವಾಗಿ ಸಿಲಿಂಡರಿನ ಒಳಗೋಡೆ, ಅಂದರೆ ಲೈನರ್ ತಿನ್ನುತ್ತದೆ. ಗಾಳಿ ಹೊಡೆಸುವುದಾದರೆ ಕಮ್ಮಿ ಪ್ರೆಷರ್‌ನಲ್ಲಿ ಒಳಗಿನಿಂದ ಹೊರಕ್ಕೆ ಹೊಡೆಸಿ. ಪಂಕ್ಚರ್ ಅಂಗಡಿಯಲ್ಲಿ ಹೊರಗಿನಿಂದ ಜೋರಾಗಿ ಹೊಡೆದರೆ ಧೂಳು ಇನ್ನೂ ಒಳಕ್ಕೆ ಕೂರುತ್ತದೆ.

ಫಿಲ್ಟರನ್ನು ಟೈರಿಗೆ ಬಡಿದು ಕ್ಲೀನ್ ಮಾಡುವ ಕ್ಲೀನರ್ ಹುಡುಗರು ಎಲ್ಲ ಕಡೆ ಇದ್ದಾರೆ. ನಮ್ಮವನೂ ಬಡಿಯುತ್ತಿದ್ದ. ಹಾಗೆ ಬಡಿದರೆ ತುದಿಯ ತಗಡು ಸೊಟ್ಟಾಗಿ ರಬ್ಬರ್ ಸರಿಯಾಗಿ ಕೂರಲ್ಲ. ಪಕ್ಕದಿಂದ ಧೂಳು ನುಗ್ಗುತ್ತದೆ.

ಹಳೇ ಗಾಡಿಗಳಲ್ಲಿ ಆಯಿಲ್ ಬಾತ್ ಫಿಲ್ಟರ್ ಇರುತ್ತದೆ. ಕೆಳಗಿನ ಬಟ್ಟಲು ತೆಗೆದು, ಕೆಸರಾದ ಆಯಿಲ್ ಚೆಲ್ಲಿ, ಡೀಸೆಲ್ಲಿನಲ್ಲಿ ತೊಳೆದು ಒಣಗಿಸಿ. ಹೊಸ ಆಯಿಲ್ ಗೆರೆಯ ತನಕ ಮಾತ್ರ ಹಾಕಿ. ಜಾಸ್ತಿ ಹಾಕಿದರೆ ಎಂಜಿನ್ ಅದನ್ನೇ ಎಳೆದುಕೊಂಡು ನೀಲಿ ಹೊಗೆ ಬಿಡುತ್ತದೆ. ಆಮೇಲೆ ರಿಂಗ್ ಹೋಯಿತು ಅಂತ ಎಂಜಿನ್ ಬಿಚ್ಚಿಸಬೇಡಿ.

ಇನ್ನು ಹೋಸ್. ನನ್ನ ಮೂರು ದಿನ ತಿಂದದ್ದು ಇದೇ. ಒಬ್ಬರು ಪೆಡಲ್ ಒತ್ತಲಿ, ನೀವು ಫ್ಯಾನಿನಿಂದ ದೂರ ನಿಂತು ಹೋಸ್ ನೋಡಿ. ಹೊಟ್ಟೆ ಒಳಕ್ಕೆ ಹೋದ ಹಾಗೆ ಚಪ್ಪಟೆಯಾದರೆ ಬದಲಿಸಿ. ಅಷ್ಟಕ್ಕೇ ಬಿಡಬೇಡಿ. ಎಂಜಿನ್ ಬಂದ್ ಮಾಡಿ ಹೋಸ್ ಬಿಚ್ಚಿ, ಟಾರ್ಚ್ ಹಾಕಿ ಒಳಗೆ ಬೆರಳಾಡಿಸಿ. ನನ್ನ ಹೋಸ್ ಹೊರಗಿನಿಂದ ಸ್ವಲ್ಪವೂ ಅಲುಗುತ್ತಿರಲಿಲ್ಲ. ಹೋಸ್ ಬಿಚ್ಚಿಟ್ಟು ಎಂಜಿನ್ ಮಾತ್ರ ಸ್ಟಾರ್ಟ್ ಮಾಡಬೇಡಿ. ಟರ್ಬೋದ ಬಾಯಿ ಬಟ್ಟೆಯನ್ನೂ ಎಳೆದುಕೊಳ್ಳುತ್ತದೆ, ಬೆರಳನ್ನೂ ಬಿಡಲ್ಲ.

ಟರ್ಬೋದಿಂದ ಎಂಜಿನ್ ಕಡೆಗೆ ಹೋಗುವ ಪೈಪಿನ ಕ್ಲಾಂಪ್ ಸುತ್ತ ಆಯಿಲ್ ಮೆತ್ತಿದ ಕರಿ ಕಲೆ ಇದೆಯಾ? ಅಲ್ಲಿ ಗಾಳಿ ಸೋರುತ್ತಿದೆ. ಸೋಪಿನ ನೀರು ಹಚ್ಚಿ, ಎಂಜಿನ್ ಏರಿಸಿ ನೋಡಿದರೆ ಗುಳ್ಳೆ ಬರುತ್ತದೆ. ಹೊಗೆ ಹೊರಹೋಗುವ ಕಡೆಯೂ ನೋಡಿ. ಎಕ್ಸಾಸ್ಟ್ ಬ್ರೇಕ್ ಇರುವ ಗಾಡಿಯಲ್ಲಿ ಅದರ ಒಳಗಿನ ತಟ್ಟೆ ಅರ್ಧ ಮುಚ್ಚಿಕೊಂಡು ಸಿಕ್ಕಿಬಿದ್ದಿರಬಹುದು. ಹೊಗೆ ಹೊರಹೋಗಲು ಜಾಗ ಇಲ್ಲದಿದ್ದರೆ ಹೊಸ ಗಾಳಿ ಒಳಗೆ ಹೇಗೆ ಬರಬೇಕು?

ಹೋಸ್ ಮತ್ತು ಫಿಲ್ಟರ್ ಎರಡನ್ನೇ ಬದಲಿಸಿದ್ದಕ್ಕೆ ನನ್ನ ಗಾಡಿ 3.3ರಿಂದ 2.6ಕ್ಕೆ ಇಳಿಯಿತು. ಪಾಸಾಗಲಿಲ್ಲ. ಆದರೆ ದಾರಿ ಸಿಕ್ಕಿತು.

ಬಿಸಿಲೂರಿನ ಥರ್ಮೋಸ್ಟಾಟ್

ಇದು ನಮ್ಮ ಕಡೆಯದೇ ಕಾಯಿಲೆ. ಬೇಸಿಗೆಯಲ್ಲಿ 42–43 ಡಿಗ್ರಿ ಬಿಸಿಲು, ಗಾಡಿ ಹೀಟ್ ಆಗುತ್ತದೆ ಅಂತ ಯಾವುದೋ ಕಾಲದಲ್ಲಿ ಯಾವುದೋ ಮೆಕ್ಯಾನಿಕ್ ಥರ್ಮೋಸ್ಟಾಟ್ (ಎಂಜಿನ್ ಬಿಸಿಯಾಗುವ ತನಕ ರೇಡಿಯೇಟರಿಗೆ ನೀರು ಬಿಡದ ವಾಲ್ವ್) ತೆಗೆದು ಬಿಸಾಡಿರುತ್ತಾನೆ. ಆಮೇಲೆ ಚಳಿಗಾಲದಲ್ಲಿ ಎಂಜಿನ್ ಬಿಸಿಯೇ ಆಗಲ್ಲ. ತಣ್ಣಗಿನ ಎಂಜಿನ್ನಿನಲ್ಲಿ ಡೀಸೆಲ್ ಪೂರ್ತಿ ಸುಡಲ್ಲ, ಹೊಗೆಯಾಗುತ್ತದೆ. ಟೆಸ್ಟಿಗೆ ಎಂಜಿನ್ ಆಯಿಲ್ ಕನಿಷ್ಠ 60 ಡಿಗ್ರಿ ಬಿಸಿ ಇರಬೇಕು ಅನ್ನುವ ನಿಯಮ ಸುಮ್ನೆ ಇಟ್ಟಿದ್ದಲ್ಲ.

ಗಾಡಿ ಓಡಿಸಿದ ಮೇಲೆ ಗೇಜ್ ಮುಳ್ಳು 80ರ ಆಸುಪಾಸಿಗೆ ಬಂದು ನಿಲ್ಲುತ್ತದಾ ನೋಡಿ. ಕೆಳಗೇ ಇದ್ದರೆ ಥರ್ಮೋಸ್ಟಾಟ್ ಇದೆಯೋ ಇಲ್ಲವೋ ಬಿಚ್ಚಿಸಿ ನೋಡಿ. ಗೇಜೇ ಕೆಟ್ಟಿದ್ದರೆ ಮೊದಲು ಅದನ್ನು ಸರಿ ಮಾಡಿಸಿ. ಗಾಡಿ ಹೀಟ್ ಆಗುತ್ತಿದ್ದರೆ ರೇಡಿಯೇಟರ್ ತೊಳೆಸಿ, ಫ್ಯಾನ್ ಬೆಲ್ಟ್ ನೋಡಿ. ಥರ್ಮೋಸ್ಟಾಟ್ ತೆಗೆಯುವುದು ಅದಕ್ಕೆ ಮದ್ದಲ್ಲ.

ಆಯಿಲ್, ಡೀಸೆಲ್, ಟ್ಯಾಪೆಟ್

ಡಿಪ್‌ಸ್ಟಿಕ್ ಎಳೆದು ಎರಡು ಬೆರಳಿನ ನಡುವೆ ಉಜ್ಜಿ, ಮೂಸಿ ನೋಡಿ. ನೀರಿನ ಹಾಗೆ ತೆಳ್ಳಗಾಗಿ ಡೀಸೆಲ್ ವಾಸನೆ ಬಂದರೆ ಯಾವುದೋ ನೋಜಲ್ ಸೋರುತ್ತಿದೆ ಅಥವಾ ಡೀಸೆಲ್ ಬೇರೆ ಕಡೆಯಿಂದ ಇಳಿಯುತ್ತಿದೆ. ಆಯಿಲ್ ಮೇಲಿನ ಗೆರೆ ದಾಟಿ ತುಂಬಿದ್ದರೂ ಹೊಗೆ ಬರುತ್ತದೆ. ಟೆಸ್ಟಿಗೆ ಮೊದಲು ಆಯಿಲ್, ಫಿಲ್ಟರ್ ಎರಡನ್ನೂ ಬದಲಿಸುವುದು ಒಳ್ಳೆಯದು.

ಡೀಸೆಲ್ ಟ್ಯಾಂಕಿನ ತಳದ ನೀರು, ಕೆಸರು ಬಿಡಿ. ಡೀಸೆಲ್ ಫಿಲ್ಟರ್ ಬದಲಿಸಿ ಏರ್ ತೆಗೆಯಿರಿ. ಕಟ್ಟಿದ ಡೀಸೆಲ್ ಫಿಲ್ಟರಿನಿಂದ ಪಿಕಪ್ ಕಮ್ಮಿಯಾಗುತ್ತದೆ, ಕರಿ ಹೊಗೆ ಬರಲ್ಲ. ಆದರೆ ಆ ಕೆಸರು ಮುಂದೆ ನೋಜಲ್ ಹಾಳು ಮಾಡುತ್ತದೆ, ಅದಕ್ಕೇ ಹೇಳಿದ್ದು.

ಟ್ಯಾಪೆಟ್ ಗ್ಯಾಪ್ (ವಾಲ್ವ್ ಮೇಲಿನ ಸಣ್ಣ ಸಂದು) ನಿಮ್ಮ ಎಂಜಿನ್ ಪುಸ್ತಕದಲ್ಲಿ ಹೇಳಿದ ಅಳತೆಗೆ ಫೀಲರ್ ಗೇಜ್ ಹಾಕಿ ಕೂರಿಸಬೇಕು. "ಕಿವಿಯಿಂದ" ಕೂರಿಸುವ ಮೆಕ್ಯಾನಿಕ್ ಇದ್ದರೆ ಗೇಜ್ ನೀವೇ ತೆಗೆದುಕೊಂಡು ಹೋಗಿ ಕೈಗೆ ಕೊಡಿ.

ನೋಜಲ್

ಗಾಳಿ ಸರಿ ಇದ್ದೂ ಕರಿ ಹೊಗೆ ನಿಲ್ಲದಿದ್ದರೆ ಮುಂದಿನ ಅನುಮಾನ ನೋಜಲ್ ಮೇಲೆ. ಯಾವ ಸಿಲಿಂಡರ್ ಅಂತ ಹಿಡಿಯುವ ಹಳೇ ಉಪಾಯ ಒಂದಿದೆ. ಎಂಜಿನ್ ಐಡಲ್‌ನಲ್ಲಿ ಇರಲಿ. ಒಂದೊಂದೇ ನೋಜಲ್ ಹತ್ತಿರ ಹೈ ಪ್ರೆಷರ್ ಪೈಪಿನ ನಟ್ ಸ್ವಲ್ಪ ಸಡಿಲಿಸಿ, ಮತ್ತೆ ಬಿಗಿಮಾಡಿ. ಚೆನ್ನಾಗಿರುವ ಸಿಲಿಂಡರಿನ ಪೈಪ್ ಸಡಿಲಿಸಿದರೆ ಎಂಜಿನ್ ಸದ್ದು ಕುಂಟುತ್ತದೆ. ಒಂದನ್ನು ಸಡಿಲಿಸಿದಾಗ ಸದ್ದು ಬದಲಾಗದೆ ಹೊಗೆ ಕಮ್ಮಿಯಾದರೆ ಕಳ್ಳ ಅಲ್ಲೇ ಇದ್ದಾನೆ. ಆದರೆ ಹುಷಾರು. ಆ ಪೈಪಿನ ಡೀಸೆಲ್ ಸೂಜಿಯ ಹಾಗೆ ಚರ್ಮದ ಒಳಗೆ ನುಗ್ಗುತ್ತದೆ. ಕೈ ಅಡ್ಡ ಹಿಡಿಯಬೇಡಿ, ಕಣ್ಣಿಗೆ ಕನ್ನಡಕ ಇರಲಿ. ಹಾಗೇನಾದರೂ ಚುಚ್ಚಿದರೆ ಗಾಯ ಸಣ್ಣದು ಅಂತ ಬಿಡದೆ ಕೂಡಲೇ ಆಸ್ಪತ್ರೆಗೆ ಹೋಗಿ. ಸಾಮಾನ್ಯ ಮೆಕ್ಯಾನಿಕಲ್ ಪಂಪಿನ ಹಳೇ ಗಾಡಿಗೆ ಮಾತ್ರ ಈ ಉಪಾಯ. ಕಂಪ್ಯೂಟರ್ ಹಿಡಿತದಲ್ಲಿರುವ ಹೊಸ ಬಗೆಯ ಕಾಮನ್ ರೈಲ್ ಗಾಡಿಯ ಪೈಪ್ ಎಂದೂ ಹೀಗೆ ಮುಟ್ಟಬೇಡಿ. ಅಲ್ಲಿನ ಪ್ರೆಷರ್ ಬೇರೆಯೇ ಲೆಕ್ಕ.

ಆಮೇಲೆ ನೋಜಲ್‌ಗಳನ್ನು ಇಳಿಸಿ ಪಂಪ್–ನೋಜಲ್ ಅಂಗಡಿಗೆ ಒಯ್ಯಿರಿ. ಅಲ್ಲಿ ನೀವೂ ನಿಂತು ನೋಡಿ, ಅರ್ಧ ಗಂಟೆಯ ಕೆಲಸ. ಕೈಪಂಪಿನ ಟೆಸ್ಟರಿಗೆ ನೋಜಲ್ ಹಾಕಿ ಒತ್ತುತ್ತಾರೆ. ಒಳ್ಳೆಯ ನೋಜಲ್ ಕರ್ರ್ ಕರ್ರ್ ಅಂತ ಸದ್ದು ಮಾಡಿ ಹೊಗೆಯ ಹಾಗೆ ನುಣ್ಣಗೆ ಉಗುಳುತ್ತದೆ. ತುದಿ ಒಣಗಿರುತ್ತದೆ. ಕೆಟ್ಟದ್ದು ಪಿಚಕಾರಿಯ ಹಾಗೆ ಒಂದೇ ಧಾರೆ ಬಿಡುತ್ತದೆ, ಇಲ್ಲವೇ ನಿಲ್ಲಿಸಿದ ಮೇಲೂ ತುದಿಯಲ್ಲಿ ಹನಿ ಕಟ್ಟುತ್ತದೆ. ಆ ಹನಿಯೇ ನಿಮ್ಮ ಕರಿ ಹೊಗೆ. ತೆರೆಯುವ ಪ್ರೆಷರ್ ಎಷ್ಟಿರಬೇಕು ಅನ್ನುವುದು ಎಂಜಿನ್ ಪುಸ್ತಕದಲ್ಲಿ ಇರುತ್ತದೆ. ನನ್ನದು ಆರು ಸಿಲಿಂಡರಿನ ಗಾಡಿ, ಎಲ್ಲ ಆರಕ್ಕೂ ಒಂದೇ ಇರಬೇಕು, ಅದು ಮುಖ್ಯ.

ವಾಪಸ್ ಕೂರಿಸುವಾಗ ಒಂದು ಸಣ್ಣ ವಿಷಯ. ನೋಜಲ್ ಕೆಳಗೆ ತಾಮ್ರದ ವಾಷರ್ ಇರುತ್ತದೆ. ನೋಜಲ್ ತೆಗೆದಾಗ ಕೆಲವೊಮ್ಮೆ ಹಳೇ ವಾಷರ್ ಹೆಡ್ಡಿನ ಗುಂಡಿಯಲ್ಲೇ ಅಂಟಿಕೊಂಡು ಉಳಿಯುತ್ತದೆ. ಅದರ ಮೇಲೆ ಹೊಸದು ಹಾಕಿದರೆ ಎರಡು ವಾಷರ್ ಆಗಿ ನೋಜಲ್ ಮೇಲಕ್ಕೆ ಕೂರುತ್ತದೆ. ಡೀಸೆಲ್ ಪಿಸ್ಟನ್ನಿನ ಗುಂಡಿಗೆ ಬೀಳಬೇಕಾದ ಕಡೆ ಬೀಳಲ್ಲ. ಹೊಸ ನೋಜಲ್ ಹಾಕಿಸಿದ ಮೇಲೆ ಹೊಗೆ ಜಾಸ್ತಿಯಾಯಿತು ಅನ್ನುವವರಲ್ಲಿ ನಾನು ಮೊದಲು ಕೇಳುವುದು ಇದನ್ನೇ. ಆರು ನೋಜಲ್ ತೆಗೆದರೆ ಆರು ಹಳೇ ವಾಷರ್ ಎಣಿಸಿ ಪಕ್ಕಕ್ಕೆ ಇಡಿ. ಐದೇ ಇದ್ದರೆ ಆರನೆಯದು ಒಳಗಿದೆ.

ಒಂದೇ ಕೆಟ್ಟಿದ್ದರೂ ಆರನ್ನೂ ಬದಲಿಸಬೇಕಾ? ಉಳಿದವು ಟೆಸ್ಟರಿನಲ್ಲಿ ಪಾಸಾದರೆ ಬೇಡ ಅಂತ ನನ್ನ ಲೆಕ್ಕ. ಆದರೆ ಗಾಡಿ ಈಗಷ್ಟೇ ಕೊಂಡಿದ್ದು, ಹಿಂದಿನ ಚರಿತ್ರೆ ಗೊತ್ತಿಲ್ಲದಿದ್ದರೆ ಆರನ್ನೂ ಹಾಕಿಸಿ ನೆಮ್ಮದಿಯಾಗಿರಿ. ನನ್ನದರಲ್ಲಿ ಎರಡು ಹನಿಯುತ್ತಿದ್ದವು. ಬದಲಿಸಿದ ಮೇಲೆ 1.7 ಬಂತು, ಪಾಸ್.

ಈಗ ಪಂಪು

ಇಷ್ಟಾದರೂ ಆಗದಿದ್ದರೆ ಮಾತ್ರ ಪಂಪಿಗೆ ಬನ್ನಿ. ಇಲ್ಲಿ ಪಂಪ್ ಹಾಳಾಗುವುದಕ್ಕಿಂತ ಯಾರೋ ಕೈಯಾಡಿಸಿರುವುದೇ ಜಾಸ್ತಿ. "ಪಿಕಪ್ ಬರ್ಲಿ" ಅಂತ ಸೀಲ್ ಒಡೆದು ಡೀಸೆಲ್ ಏರಿಸಿರುತ್ತಾರೆ. ಸೀಸದ ಸೀಲ್ ಇಲ್ಲದ ಮೈಕೋ ಪಂಪ್ ಕಂಡರೆ ಅದೇ ಗುರುತು. ಘಟ್ಟ ಹತ್ತುವ ಗಾಡಿಯವರು ಹಾಗೆ ಮಾಡಿದರೆ ಆಸೆ ಅಂತ ತಿಳಿಯಬಹುದು. ಕಲಬುರಗಿಯಿಂದ ಯಾದಗಿರಿಗೆ ಯಾವ ಘಟ್ಟ ಇದೆ?

ಟರ್ಬೋ ಗಾಡಿಯ ಪಂಪಿನ ಒಂದು ತುದಿಯಲ್ಲಿ, ಗವರ್ನರ್ ಮೇಲೆ, ತಟ್ಟೆಯ ಆಕಾರದ ಒಂದು ಡಬ್ಬಿ ಇರಬಹುದು. ಮ್ಯಾನಿಫೋಲ್ಡಿನಿಂದ ಸಣ್ಣ ಪೈಪ್ ಅದಕ್ಕೆ ಬರುತ್ತದೆ. ಟರ್ಬೋ ಗಾಳಿ ಬರುವ ತನಕ ಡೀಸೆಲ್ ತಡೆದು ಹಿಡಿಯುವುದು ಅದರ ಕೆಲಸ. ಅದನ್ನು ತಿರುಗಿಸಿಟ್ಟರೆ ಪೆಡಲ್ ಒತ್ತಿದ ಕೂಡಲೇ ಡೀಸೆಲ್ ಸುರಿಯುತ್ತದೆ. ಎಮಿಷನ್ ಟೆಸ್ಟ್ ಹಿಡಿಯುವುದೂ ಅದೇ ಗಳಿಗೆಯನ್ನ.

ಇದನ್ನು ಗಾಡಿಯ ಮೇಲೆ ಸ್ಕ್ರೂಡ್ರೈವರ್ ಹಾಕಿ ತಿರುಗಿಸಬೇಡಿ. ಪಂಪ್ ಇಳಿಸಿ ಟೆಸ್ಟ್ ಬೆಂಚಿಗೆ ಹಾಕಿಸಿ. ಯಾವ ಆರ್‌ಪಿಎಂನಲ್ಲಿ ಯಾವ ಪ್ಲಂಜರ್ (ಪಂಪಿನೊಳಗೆ ಡೀಸೆಲ್ ಒತ್ತುವ ಸಲಾಕೆ) ಎಷ್ಟು ಡೀಸೆಲ್ ಕೊಟ್ಟಿತು ಅನ್ನುವ ಲೆಕ್ಕ ಬರೆಸಿಕೊಳ್ಳಿ. ಬರೆದು ಕೊಡಲ್ಲ ಅನ್ನುವ ಅಂಗಡಿಗೆ ನಾನು ಪಂಪ್ ಕೊಡಲ್ಲ. ಮತ್ತೆ ಕೂರಿಸುವಾಗ ಟೈಮಿಂಗ್ ಗುರುತು ಕೂಡಿಸುವುದು ಮುಖ್ಯ. ಟೈಮಿಂಗ್ ಹಿಂದೆ ಬಿದ್ದರೆ ಹೊಗೆ, ಹೀಟ್, ಪಿಕಪ್ ಇಲ್ಲ. ಮುಂದೆ ಹೋದರೆ ಎಂಜಿನ್ ಸುತ್ತಿಗೆ ಬಡಿದ ಹಾಗೆ ಕುಟ್ಟುತ್ತದೆ.

ಎಲ್ಲ ಆಗಿಯೂ ಹೊಗೆ ನಿಲ್ಲದಿದ್ದರೆ ಎಂಜಿನ್ನೇ ಸವೆದಿದೆ. ಐಡಲ್‌ನಲ್ಲಿ ಆಯಿಲ್ ಹಾಕುವ ಮುಚ್ಚಳ ಬಿಚ್ಚಿ, ತಲೆಕೆಳಗಾಗಿ ಅದೇ ತೂತಿನ ಮೇಲಿಡಿ. ಸ್ವಲ್ಪ ಅಲುಗಿದರೆ ಸರಿ. ಕುಣಿದು ಕೆಳಗೆ ಬಿದ್ದರೆ ಕಂಪ್ರೆಷನ್ ಸೋರುತ್ತಿದೆ. ಗೇಜ್ ಹಾಕಿಸಿ ಖಾತ್ರಿ ಮಾಡಿಕೊಳ್ಳಿ. ಅಲ್ಲಿಂದ ಮುಂದೆ ಲೈನರ್, ಪಿಸ್ಟನ್, ರಿಂಗ್ ಬದಲಿಸುವ ದೊಡ್ಡ ಕೆಲಸ. ಗಾಡಿಯ ಬೆಲೆ, ಎಫ್‌ಸಿ ಖರ್ಚು ಎಲ್ಲ ಕೂಡಿಸಿ ಕಳೆದು, ಮನೆಯಲ್ಲಿ ಮಾತಾಡಿ ನಿರ್ಧಾರ ಮಾಡಿ.

ಬಿಎಸ್ 4 ಗಾಡಿಯವರಿಗೆ ಒಂದು ಮಾತು. ಗಾಳಿಯ ದಾರಿ, ಆಯಿಲ್, ಬಿಸಿ ಇವೆಲ್ಲ ನಿಮಗೂ ಅನ್ವಯ. ಅದರಾಚೆ ಸೆನ್ಸರ್, ಹೊಗೆ ಶುದ್ಧ ಮಾಡುವ ಯೂರಿಯಾ ಅಥವಾ ಇಜಿಆರ್ (ಸ್ವಲ್ಪ ಹೊಗೆಯನ್ನು ಮತ್ತೆ ಎಂಜಿನ್ನಿಗೆ ಕಳಿಸುವ ವ್ಯವಸ್ಥೆ) ಇರುತ್ತದೆ. ಸ್ಕ್ಯಾನರ್ ಇರುವವರ ಹತ್ತಿರ ಹೋಗಿ.

ಟೆಸ್ಟಿನ ದಿನ

ಸೈಲೆನ್ಸರಿನಲ್ಲಿ ತೂತಿದ್ದರೆ ಹಿಂದಿನ ದಿನವೇ ವೆಲ್ಡ್ ಮಾಡಿಸಿ. ಆಯಿಲ್ ಲೆವೆಲ್, ಪೆಡಲ್ ಕೇಬಲ್ ಅಥವಾ ರಾಡ್, ಎಂಜಿನ್ ಬಂದ್ ಮಾಡುವ ಸ್ಟಾಪ್ ಲಿವರ್ ನೋಡಿ. ಹಳೇ ಎಂಜಿನ್ನನ್ನು ಪೂರ್ತಿ ಏರಿಸುತ್ತಾರೆ. ಗವರ್ನರ್ ಸರಿಯಿಲ್ಲದಿದ್ದರೆ ಎಂಜಿನ್ ಕೈತಪ್ಪಿ ಹೋಗುತ್ತದೆ. ಪೆಡಲ್ ಸಿಕ್ಕಿಕೊಳ್ಳುವ ಗಾಡಿಯನ್ನು ಟೆಸ್ಟಿಗೆ ಒಯ್ಯಲೇಬೇಡಿ.

ಬೇಸಿಗೆಯಾದರೆ ಬೆಳಿಗ್ಗೆ ಹೋಗಿ. ಬಿಸಿ ಗಾಳಿ ತೆಳು, ಎಂಜಿನ್ನಿಗೆ ಸಿಗುವ ಗಾಳಿಯೇ ಕಮ್ಮಿ. ಲಿಮಿಟ್ ಹತ್ತಿರ ಇರುವ ಗಾಡಿಗೆ ಅಷ್ಟು ವ್ಯತ್ಯಾಸವೂ ಸಾಕು. ಗಾಳಿ ತಣ್ಣಗಿರಲಿ, ಎಂಜಿನ್ ಬಿಸಿ ಇರಲಿ. ಅದಕ್ಕೆ ಲೋಡ್ ಇದ್ದಾಗ ಅರ್ಧ ಗಂಟೆಯಾದರೂ ಓಡಿಸಿಕೊಂಡು ಬಂದು ನೇರ ಟೆಸ್ಟಿಗೆ ನಿಲ್ಲಿಸಿ. ನಾನು ಜೇವರ್ಗಿ ರಸ್ತೆಯಲ್ಲಿ ಹೋಗಿ ತಿರುಗಿ ಬರುತ್ತೇನೆ. ಲೋಡಿನಲ್ಲಿ ಓಡಿದರೆ ಸೈಲೆನ್ಸರಿನಲ್ಲಿ ಕೂತ ಕರಿಯೂ ಉದುರಿ ಹೋಗುತ್ತದೆ.

ಕ್ಯೂ ಇದ್ದರೆ ಒಂದು ತಾಸು ಐಡಲ್‌ನಲ್ಲಿ ನಿಲ್ಲಿಸಬೇಡಿ. ಐಡಲ್‌ನಲ್ಲಿ ಎಂಜಿನ್ ತಣ್ಣಗಾಗಿ ಮಸಿ ಕಟ್ಟುತ್ತದೆ. ಸರದಿ ಬಂದಾಗ ಗಾಡಿ ನ್ಯೂಟ್ರಲ್, ಹ್ಯಾಂಡ್ ಬ್ರೇಕ್, ಚಕ್ರಕ್ಕೆ ಕಲ್ಲು. ಮೀಟರಿನ ಕೊಳವೆ ಹಾಕುವ ಮೊದಲು ಎರಡು ಮೂರು ಸಲ ಪೆಡಲ್ ಒತ್ತಿ ಸೈಲೆನ್ಸರ್ ಖಾಲಿ ಮಾಡಿಸಿ. ಪೆಡಲ್ ಒಂದೇ ಸಮ, ಚುರುಕಾಗಿ, ಪೂರ್ತಿ ಒತ್ತಬೇಕು. ಅರ್ಧ ಒತ್ತಿ ಮೋಸ ಮಾಡಲು ಹೋದರೆ ಟೆಸ್ಟ್ ಮತ್ತೆ ಮಾಡಬೇಕಾಗುತ್ತದೆ ಅಷ್ಟೇ.

ನಂಬರ್ ಪ್ಲೇಟಿನ ಫೋಟೊ ತೆಗೆಯುತ್ತಾರೆ, ಒರೆಸಿಡಿ. ಲಿಂಬೆಹಣ್ಣು–ಮೆಣಸಿನಕಾಯಿ ಸರ ಪ್ಲೇಟಿನ ಮೇಲೆ ಇಳಿಬಿದ್ದಿದ್ದರೆ ಪಕ್ಕಕ್ಕೆ ಸರಿಸಿ. ಓಟಿಪಿ ಬರುವ ಮೊಬೈಲ್ ಕೈಯಲ್ಲಿರಲಿ. ಗಾಡಿ ಮಾಲೀಕರ ನಂಬರ್ ಊರಲ್ಲಿರುವ ಅಣ್ಣನದ್ದಾಗಿದ್ದರೆ ಅವನು ಫೋನ್ ಎತ್ತುವ ತನಕ ಕಾಯಬೇಕು.

ಡೀಸೆಲ್ಲಿಗೆ ಸೀಮೆಎಣ್ಣೆ ಬೆರೆಸುವ ಉಪಾಯ ಯಾರಾದರೂ ಹೇಳಿದರೆ ಬೇಡ ಅನ್ನಿ. ಪಂಪಿನ ಪ್ಲಂಜರಿಗೆ ಡೀಸೆಲ್ಲೇ ಆಯಿಲ್. ಸೀಮೆಎಣ್ಣೆಗೆ ಆ ಜಿಡ್ಡಿಲ್ಲ. ಪೆಡಲ್ ಕೆಳಗೆ ಕಟ್ಟಿಗೆ ತುಂಡು ಇಡುವವರೂ ಇದ್ದಾರೆ. ಗಾಡಿಯನ್ನೇ ಒಯ್ಯದೆ ಕಾಗದ ತರಿಸುವವರೂ ಇದ್ದಾರೆ. ಕಾಗದ ಬರಬಹುದು. ಹೊಗೆಯಾಗಿ ಹೋಗುವ ಡೀಸೆಲ್ಲಿನ ದುಡ್ಡು ಆಗಲೂ ನಿಮ್ಮ ಜೇಬಿನಿಂದಲೇ ಹೋಗುತ್ತಿರುತ್ತದೆ.

ಪಾಸಾದ ಮೇಲೆ ಕೆ ವ್ಯಾಲ್ಯೂ ಎಷ್ಟು ಬಂತು ಅಂತ ಡೈರಿಯಲ್ಲಿ ಬರೆದಿಡಿ. ಪಕ್ಕದಲ್ಲಿ ಕಿಲೋಮೀಟರ್, ಫಿಲ್ಟರ್ ಬದಲಿಸಿದ ತಾರೀಖು. ನನ್ನ ಡೈರಿಯಲ್ಲಿ 1.7 ಆದಮೇಲೆ 1.6, 1.8, ಮೊನ್ನೆ 2.1. ಇನ್ನೂ ಪಾಸೇ. ಆದರೂ ತೊಗರಿ ಬರುವ ಮೊದಲು ನೋಜಲ್ ಇನ್ನೊಮ್ಮೆ ಇಳಿಸಬೇಕು ಅಂತ ಉಸ್ತಾದ್‌ಗೆ ಹೇಳಿಟ್ಟಿದ್ದೇನೆ. "ಮೊದಲ ಹೋಸ್ ನೋಡ್ತೀನ್ರಿ ಸಾವಕಾರ್ರೆ" ಅಂದಿದ್ದಾರೆ.